ಹಿತ್ತಾಳೆ ಚಮಚ, ರಬ್ಬರ್ ಕಪ್ಪೆ

ಹೊಸ ರಬ್ಬರಿನ ವಾಸನೆ ನನಗೆ ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಹೋದ ತಿಂಗಳು ತಾಡಪತ್ರಿ ಕೊಳ್ಳಲೆಂದು ಗಾಂಧಿ ಚೌಕದ ಹತ್ತಿರದ ಒಂದು ಅಂಗಡಿಗೆ ಹೋಗಿದ್ದೆ. ಹಗ್ಗ, ಬಲೆ, ನೀರಿನ ಪೈಪು ಎಲ್ಲ ಒಟ್ಟಿಗೆ ಮಾರುವ ಇಕ್ಕಟ್ಟಾದ ಅಂಗಡಿ. ಗಲ್ಲೆಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಆಟಿಕೆಗಳಂಥವು ಸಾಲಾಗಿ ತೂಗುತ್ತಿದ್ದವು. ನಾನು ನೋಡುತ್ತ ನಿಂತದ್ದನ್ನು ಕಂಡು ಅಂಗಡಿಯವನು ಒಂದು ಪೊಟ್ಟಣ ಹರಿದು ನನ್ನ ಅಂಗೈಯಲ್ಲಿ ಇಟ್ಟ. ಹಸಿರು ಬೆನ್ನಿನ, ಹಳದಿ ಹೊಟ್ಟೆಯ ರಬ್ಬರ್ ಕಪ್ಪೆ. ಬೆನ್ನಿಗಂಟಿ ಮಲಗಿದ ಎರಡು ಗಾಳಗಳು. "ಈಗ ಎಲ್ಲಾರೂ ಇದನ್ನ ಕೇಳ್ತಾರ್ರಿ ಮೇಡಮ್. ಎರಿಹುಳ, ಹಿತ್ತಾಳಿ ಚಮಚಾ ಎಲ್ಲಾ ಹೋತು," ಎಂದ. ನನಗೆ ಮೀನು ಹಿಡಿಯಲು ಬರುವುದಿಲ್ಲ ಎಂದು ಹೇಳಿ ಹಿಂದಕ್ಕೆ ಕೊಟ್ಟೆ. ಆದರೆ ಆ ವಾಸನೆ ಅಂಗೈಗೆ ಅಂಟಿಕೊಂಡೇ ಬಂತು. ಆಟೋದಲ್ಲಿ ಕೂತವಳಿಗೆ ಸುತ್ತಲಿನ ಹಾರ್ನು, ಗದ್ದಲ ಯಾವುದೂ ಕೇಳಿಸದೆ, ಒಂದು ಕತ್ತಲೆ ಬಚ್ಚಲುಮನೆಯಲ್ಲಿ ಮೀನೊಂದು ಮೇಲೆ ಬಂದು ಗಾಳಿ ಕುಡಿಯುವ ಸಣ್ಣ ಸದ್ದು ಕೇಳತೊಡಗಿತು.

ಆಗ ನಾವು ವಿಜಯಪುರದ ಜೋರಾಪುರ ಪೇಟೆಯ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ದಪ್ಪ ಕಲ್ಲಿನ ಗೋಡೆ, ನಡುವೆ ಫರಸಿ ಕಲ್ಲು ಹಾಸಿದ ಅಂಗಳ, ಅಂಗಳದಲ್ಲೊಂದು ನಳ. ಮೇಲಿನ ಮಜಲಿನಲ್ಲಿ ಮಾಲಕಿ. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಕೆಳಗೆ ನಮ್ಮ ಎರಡು ಖೋಲಿ, ಒಂದು ಬಚ್ಚಲು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಆ ಮನೆ ಸಿಗುವ ಮೊದಲು ಅಪ್ಪ ಊರೆಲ್ಲ ತಿರುಗಿದ್ದ. ಬಾಗಿಲಲ್ಲೇ ಅಡ್ಡಹೆಸರು ಕೇಳಿ, "ಮನಿ ಮೊನ್ನೆನ ಕೊಟ್ಟೀವ್ರಿ" ಎಂದು ಒಳಗೆ ಹೋದವರೇ ಹೆಚ್ಚು. ಬಾಯಾರು ಅಡ್ಡಹೆಸರು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು. "ಮೀನು, ಮಾಂಸ, ತತ್ತಿ ಈ ಹೊಸ್ತಿಲಾ ದಾಟಬಾರದು. ನಡೀತೈತೇನು?" ಅಪ್ಪ ತಲೆಯಾಡಿಸಿದ್ದ. ಅವ್ವ ಕೃಷ್ಣೆಯ ದಂಡೆಯ ಊರಿನವಳು. ಮೀನು ತಿಂದೇ ಬೆಳೆದವಳು. ಆಕೆಯೂ ತಲೆಯಾಡಿಸಿದಳು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವುದನ್ನು ಕಲಿತೆವು. ಯಾರೂ ಹೇಳಿಕೊಟ್ಟದ್ದಲ್ಲ. ಮೆಟ್ಟಿಲ ಮೇಲೆ ಬಾಯಾರ ಹೆಜ್ಜೆ ಕೇಳಿಸಿದರೆ ಅವ್ವ ಒಗ್ಗರಣೆ ಸೌಟನ್ನು ಹಾಗೇ ಹಿಡಿದು ನಿಂತುಬಿಡುತ್ತಿದ್ದಳು, ಅದರಲ್ಲಿ ಬರೀ ಸಾಸಿವೆ ಇದ್ದರೂ.

ಅಪ್ಪನಿಗೆ ಉಸಿರಾಡಲು ಇದ್ದದ್ದು ಭಾನುವಾರ ಒಂದೇ. ಮುಂಜಾನೆಯ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಬಬಲೇಶ್ವರದ ಮೇಲೆ ಹಾಯ್ದು ಮಮದಾಪುರಕ್ಕೆ ಹೋಗುತ್ತಿದ್ದ. ಅಲ್ಲಿ ಅತ್ತೆಯ ಮನೆ. ಅತ್ತೆ ಎಂದರೆ ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಾಲ್ಕು ಆಡು ಕಟ್ಟಿಕೊಂಡು ತವರಿಗೆ ಮರಳಿದವಳು. ಮಣ್ಣಿನ ಮಾಳಿಗೆಯ ಆ ಮನೆ ಕೆರೆಯಿಂದ ಕೂಗಳತೆಯ ದೂರದಲ್ಲಿತ್ತು. ಒಳಗೆ ಕಾಲಿಟ್ಟರೆ ಆಡಿನ ಹಿಕ್ಕೆ, ಸೇಂಗಾ ಚಟ್ನಿ, ಒಲೆಯ ಹೊಗೆ ಮೂರೂ ಬೆರೆತ ಬೆಚ್ಚನೆಯ ವಾಸನೆ. ಅಪ್ಪ ಹಿಡಿದು ತಂದ ಮೀನನ್ನು ಅತ್ತೆ ಬೂದಿ ಹಚ್ಚಿ ತಿಕ್ಕಿ, ಹುಣಸೆಹಣ್ಣು, ಕೆಂಪು ಖಾರ ಹಾಕಿ ಮಣ್ಣಿನ ಗಡಿಗೆಯಲ್ಲಿ ಬೇಯಿಸುತ್ತಿದ್ದಳು. ಬಿಸಿ ರೊಟ್ಟಿಯ ಜತೆ ತಿಂದು ಮುಗಿಸಿದ ಮೇಲೆ ಅಪ್ಪನೂ ನಾನೂ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಕೈ ತೊಳೆಯುತ್ತಿದ್ದೆವು. ಒಮ್ಮೆ ತೊಳೆದು, ಮೂಸಿ ನೋಡಿ, ಮತ್ತೊಮ್ಮೆ. ಅತ್ತೆ ಅದನ್ನು ನೋಡಿ ನಗುತ್ತಿರಲಿಲ್ಲ. "ಇನ್ನೊಮ್ಮೆ ತೊಳಕೋ ತಮ್ಮಾ, ಉಗರಿನ್ಯಾಗ ಉಳದಿರತೈತಿ," ಎಂದು ತಾನೇ ನೀರು ಹಾಕುತ್ತಿದ್ದಳು.

ಅಪ್ಪನ ಗಾಳ ಅಜ್ಜನ ಕಾಲದ್ದು. ಮುರಿದ ಹಿತ್ತಾಳೆ ಸೌಟಿನ ಬಟ್ಟಲನ್ನು ಅಜ್ಜ ಬಡಿದು ಎಲೆಯ ಆಕಾರಕ್ಕೆ ತಂದು, ತುದಿಗೆ ಮೂರು ಕೊಕ್ಕಿನ ಗಾಳ ಕೂರಿಸಿ, ಕೆಂಪು ದಾರದ ಒಂದು ಕುಚ್ಚು ಕಟ್ಟಿದ್ದನಂತೆ. ಅದನ್ನು ಚಮಚಾ ಎಂದೇ ಕರೆಯುತ್ತಿದ್ದರು. ಬೂದಿಯಿಂದ ತಿಕ್ಕಿದರೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಪ್ಪ ಅದನ್ನು ತೆರೆದ ನೀರಿಗೆ ಎಸೆದು, ಬಿದಿರಿನ ಕೋಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ದಾರ ಎಳೆದುಕೊಳ್ಳುವಾಗ ಅದು ನೀರೊಳಗೆ ಗಾಯಗೊಂಡ ಸಣ್ಣ ಮೀನಿನಂತೆ ಮಿಣಕ್ ಮಿಣಕ್ ಎನ್ನುತ್ತ ಬರುತ್ತಿತ್ತು. ಅದಕ್ಕೆ ಬೀಳುತ್ತಿದ್ದದ್ದು ಮರಳ್ ಎಂಬ ಮೀನು. ಹಾವಿನಂಥ ತಲೆ, ಕಪ್ಪು ಮೈ. ನೀರಿನಿಂದ ತೆಗೆದರೂ ಒದ್ದೆ ಚೀಲದಲ್ಲಿ ತಾಸುಗಟ್ಟಲೆ ಬದುಕುವ ಗಟ್ಟಿ ಜೀವ. ಕೆರೆಯ ಮೂಡಣದ ಮೂಲೆಯಲ್ಲಿ ಜೊಂಡು, ಎಲೆಬಳ್ಳಿ ದಟ್ಟವಾಗಿ ಬೆಳೆದಿತ್ತು. ದೊಡ್ಡ ಮರಳ್‌ಗಳು ಇರುವುದು ಅದರೊಳಗೇ ಎಂದು ಅಪ್ಪನಿಗೆ ಗೊತ್ತಿತ್ತು. ಅಲ್ಲಿ ಎಸೆದರೆ ಚಮಚ ಸಿಕ್ಕಿಬೀಳುತ್ತದೆ, ಅದಕ್ಕೆ ಅಪ್ಪ ಎಸೆಯುತ್ತಿರಲಿಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅವ್ವ ಮತ್ತೆ ಬಸುರಾದಳು. ನನ್ನ ನಂತರದ ಎರಡು ಬಸಿರು ನಿಂತಿರಲಿಲ್ಲವಾದ್ದರಿಂದ ಡಾಕ್ಟರಮ್ಮ ಬಸ್ಸು ಹತ್ತಲೇಬಾರದು ಎಂದಿದ್ದರು. ಏಳು ತಿಂಗಳು ಅವ್ವ ಆ ಎರಡು ಖೋಲಿಯಲ್ಲೇ ಇದ್ದಳು. ಬಾಗಿಲಿಂದ ಒಲೆಗೆ, ಒಲೆಯಿಂದ ಬಚ್ಚಲಿಗೆ. ಒಮ್ಮೆ ನಾವು ಮಮದಾಪುರದಿಂದ ಬಂದಾಗ ಅವ್ವ ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು. ತೊಳೆದೂ ತೊಳೆದೂ ಉಳಿದ ಏನನ್ನೋ ಹುಡುಕುವವಳ ಹಾಗೆ ಬೆರಳುಗಳನ್ನು ಒಂದೊಂದಾಗಿ ಮೂಸಿದಳು. ಅಪ್ಪ ಅದನ್ನು ನೋಡಿದ. ನೋಡಿ, ಅಂಗಿ ಕಳಚುತ್ತಿದ್ದವನು ಹಾಗೇ ಬೆನ್ನು ತಿರುಗಿಸಿ ನಿಂತ.

ಅದೇ ಹೊತ್ತಿಗೆ ಪುಣೆಯಿಂದ ಕಾಕಾ ಬಂದ. ಅಪ್ಪನ ತಮ್ಮ, ಕಾರ್ಖಾನೆಯಲ್ಲಿ ಕೆಲಸ, ಯಾವಾಗಲೂ ನಗುಮೊಗ. ಬಗಲಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ತೆರೆದರೆ ಇಡೀ ಖೋಲಿ ರಬ್ಬರಿನ ವಾಸನೆಯಿಂದ ತುಂಬಿತು. ಒಳಗೆ ಒಂದೊಂದು ಗೂಡಿನಲ್ಲಿ ಒಂದೊಂದು ಬಗೆ: ಬಾಲ ಅಲ್ಲಾಡುವ ಮೀನು, ಮಿನುಗುವ ಹುಳ, ಹಸಿರು ಕಪ್ಪೆ. ಅವ್ವ ಕೂಡ ಬಂದು ಬಾಗಿ ನೋಡಿದಳು.

"ಅಣ್ಣಾ, ನಿನ್ನ ಚಮಚಾ ಇನ್ನ ಗೋಳಗುಮ್ಮಟದ ಮ್ಯೂಸಿಯಮ್ಮಿಗೆ ಕೊಟ್ಟಬಿಡು," ಎಂದ ಕಾಕಾ.

"ಮೀನಕ್ಕ ಬಣ್ಣ ತಗೊಂಡು ಏನ್ ಮಾಡೂದೈತಿ? ಅದಕ್ಕ ಬೇಕಾಗಿದ್ದು ನಡಿಗಿ," ಎಂದ ಅಪ್ಪ.

"ಹಂಗಾರ ನಾಳೆ ನೋಡೂಣು ನಡಿ."

ಮರುದಿನ ಭಾನುವಾರ. ಮೂವರೂ ಹೋದೆವು. ಕಾಕಾನ ಕೈಯಲ್ಲಿ ಚಕ್ರ ತಿರುಗುವ ಹೊಸ ಕೋಲು. ಎಸೆದರೆ ದಾರ ಸುಯ್ಯೆಂದು ಕೆರೆಯ ನಡುವಿನ ತನಕ ಹೋಗುತ್ತಿತ್ತು. ಅಪ್ಪ ಎಂದಿನ ಕಲ್ಲಿನ ಮೇಲೆ ನಿಂತು ಬಿದಿರಿನ ಕೋಲು ಆಡಿಸಿದ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಬುಟ್ಟಿಯಲ್ಲಿ ಮೊಳಕೈ ಉದ್ದದ ಎರಡು ಮರಳ್ ಇದ್ದವು. ಕಾಕಾನ ಬಾಲದ ಮೀನೊಂದು ಕಲ್ಲಿಗೆ ಸಿಕ್ಕಿ ಹರಿದುಹೋಗಿತ್ತು, ಮಿನುಗುವ ಹುಳವನ್ನು ಜಾಲಿ ಟೊಂಗೆ ನುಂಗಿತ್ತು. ಅತ್ತೆ ಎರಡನ್ನೂ ಬೇಯಿಸಿದಳು. ಊಟಕ್ಕೆ ಕೂತಾಗ ಕಾಕಾ ಸೋಲೊಪ್ಪಿಕೊಂಡವನಂತೆ ಅಣ್ಣನ ತಾಟಿಗೆ ತಾನೇ ದೊಡ್ಡ ತುಂಡು ಹಾಕಿದ. ಅಪ್ಪ ಮಾತ್ರ ಆ ತುಂಡನ್ನು ಮುರಿಯಲಿಲ್ಲ. ತಾಟನ್ನು ಅತ್ತ ಸರಿಸಿ, "ಆಕಿಗೆ ಹೆಂಗ ಒಯ್ಯೂದು?" ಎಂದ.

ಬೇಯಿಸಿದ್ದನ್ನು ಒಯ್ಯುವಂತಿರಲಿಲ್ಲ, ಡಬ್ಬಿಯ ವಾಸನೆ ಅಂಗಳ ದಾಟುವ ಮೊದಲೇ ಮೇಲಿನ ಮಜಲಿಗೆ ಹೋಗುತ್ತದೆ. ಕಾಕಾ ಉಪಾಯ ಹೇಳಿದ. ಸ್ಟೇಷನ್ ಕಡೆ ಅವನ ಗೆಳೆಯನೊಬ್ಬನ ಮನೆಯಿತ್ತು. ಜೀವಂತ ಮೀನನ್ನು ಒದ್ದೆ ಚೀಲದಲ್ಲಿ ಒಯ್ದು ಅಲ್ಲಿ ಬೇಯಿಸುವುದು, ವೈನಿಯನ್ನು, ಅಂದರೆ ಅವ್ವನನ್ನು, ಆಟೋದಲ್ಲಿ ಅಲ್ಲಿಗೇ ಕರೆದುಕೊಂಡು ಹೋಗಿ ಉಣ್ಣಿಸುವುದು. ಅಪ್ಪ ಎದ್ದ. ಮತ್ತೆ ಕೆರೆಗೆ ಹೋದೆವು. ಆದರೆ ಮಧ್ಯಾಹ್ನದ ಬಿಸಿಲಿಗೆ ಚಮಚಕ್ಕೆ ಒಂದೂ ಬೀಳಲಿಲ್ಲ. ಒಂದು ತಾಸು, ಎರಡು ತಾಸು. ಕೊನೆಯ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಅಪ್ಪ ಬಿದಿರಿನ ಕೋಲನ್ನು ಕೆಳಗಿಟ್ಟು ತಮ್ಮನ ಕಡೆ ನೋಡದೆಯೇ ಕೈ ಚಾಚಿದ.

"ಕಪ್ಪಿ ಕೊಡು."

ಕಾಕಾ ನಗಲಿಲ್ಲ. ಕೋಲು ಕೊಟ್ಟ. ಅಪ್ಪ ಎಂದೂ ಎಸೆಯದ ಆ ಮೂಡಣದ ಮೂಲೆಗೆ, ಜೊಂಡಿನ ನಟ್ಟನಡುವೆ ಕಪ್ಪೆಯನ್ನು ಎಸೆದ. ಗಾಳಗಳು ಬೆನ್ನ ಮೇಲಿದ್ದ ಕಾರಣ ಅದು ಯಾವ ಬಳ್ಳಿಗೂ ಸಿಕ್ಕದೆ ಎಲೆಗಳ ಮೇಲೆ ಜಿಗಿಯುತ್ತ ಜಿಗಿಯುತ್ತ ಬಂತು. ಒಂದು ಸಣ್ಣ ಬಯಲು ನೀರಿಗೆ ಬಂದಾಗ ಕೆಳಗಿನಿಂದ ಬಾವಿ ಬಾಯಿ ತೆರೆದಂತಾಯಿತು. ಅಪ್ಪ ಎಳೆದು ದಂಡೆಗೆ ಹಾಕಿದ ಮೀನು ನನ್ನ ಕಾಲಿನಷ್ಟು ಉದ್ದವಿತ್ತು. ಕಾಕಾ ಕೂಗಾಡುತ್ತಿದ್ದ. ನಾನು ಮೀನನ್ನಲ್ಲ, ನೀರನ್ನು ನೋಡುತ್ತಿದ್ದೆ. ಅದು ಎದ್ದ ಜಾಗದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಏನೋ ಕುದಿಯುತ್ತಿತ್ತು. ಮರಿಗಳು. ನೂರಾರು, ಒತ್ತೊತ್ತಾಗಿ ಒಂದು ಉಂಡೆಯಾಗಿ ಮೇಲೆ ಬರುತ್ತಿದ್ದವು, ಕೆಳಗೆ ಹೋಗುತ್ತಿದ್ದವು. ಮರಳ್ ತನ್ನ ಮರಿ ಕಾಯುತ್ತದೆ, ಮೇಲೆ ಏನೇ ಸುಳಿದರೂ ಹಸಿವಿಲ್ಲದಿದ್ದರೂ ಎರಗುತ್ತದೆ ಎಂದು ಅಪ್ಪನೇ ನನಗೆ ಹೇಳಿದ್ದ. ಮರಿಯಿರುವಾಗ ಹಿಡಿಯಬಾರದು ಎಂದು ಅಜ್ಜ ಅವನಿಗೆ ಹೇಳಿದ್ದನಂತೆ.

ಅಪ್ಪನೂ ನೋಡಿದ. ಅವನ ಮುಖ ಕಪ್ಪಿಟ್ಟಿತು. ಮೀನಿನ ಬಾಯಿಂದ ಗಾಳ ಬಿಡಿಸುತ್ತಿದ್ದ ಕೈ ನಿಂತಿತು. ಬಿಟ್ಟುಬಿಡುತ್ತಾನೆ ಎಂದುಕೊಂಡೆ.

"ಯಪ್ಪಾ, ಮರಿ ಅದಾವು," ಎಂದೆ.

"ಗೊತ್ತೈತಿ," ಎಂದ. ಚೀಲವನ್ನು ನೀರಲ್ಲಿ ಅದ್ದಿ ಮೀನನ್ನು ಅದರೊಳಗೆ ಇಳಿಸಿದ. ಬಸ್ಸಿನ ದಾರಿಯುದ್ದಕ್ಕೂ ಹಿಂದೆ ನೋಡಲಿಲ್ಲ.

ವಿಜಯಪುರ ಮುಟ್ಟಿ ಗೆಳೆಯನ ಮನೆಗೆ ಹೋದರೆ ಬೀಗ. ಊರಿಗೆ ಹೋಗಿದ್ದಾನೆ, ನಾಳೆ ಸಂಜೆ ಬರುತ್ತಾನೆ ಎಂದರು ಪಕ್ಕದವರು. ಕಾಕಾನಿಗೆ ಪುಣೆಯ ಬಸ್ಸಿನ ಹೊತ್ತಾಗಿತ್ತು. ಅವನನ್ನು ಕಳಿಸಿ ಅಪ್ಪ, ನಾನು, ಚೀಲ ಜೋರಾಪುರ ಪೇಟೆಗೆ ಬಂದೆವು. ಹೊಸ್ತಿಲು ದಾಟುವಾಗ ಅಪ್ಪ ಚೀಲವನ್ನು ಎದೆಗವಚಿಕೊಂಡಿದ್ದ. ಮೇಲೆ ಬಾಯಾರು ದೀಪ ಹಚ್ಚಿ ಏನೋ ಹಾಡಿಕೊಳ್ಳುತ್ತಿದ್ದರು. ಬಚ್ಚಲಲ್ಲಿ ನೀಲಿ ಬ್ಯಾರಲ್ ಅರ್ಧ ತುಂಬಿತ್ತು. ಅಪ್ಪ ಮೀನನ್ನು ಅದರಲ್ಲಿ ಬಿಟ್ಟ. ಅವ್ವ ಗೋಡೆ ಹಿಡಿದು ಬಂದು ಇಣುಕಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಸದ್ದಿಲ್ಲದ, ಮೈಯೆಲ್ಲ ಅಲುಗುವ ನಗು. ಎಷ್ಟೋ ತಿಂಗಳ ಮೇಲೆ ಆಕೆ ಹಾಗೆ ನಕ್ಕದ್ದು. "ಏನ್ರಿ, ಇಷ್ಟ ದೊಡ್ಡದು!" ಎಂದಳು ಪಿಸುದನಿಯಲ್ಲಿ.

ಸೋಮವಾರ ಸಾಲೆ ಬಿಟ್ಟು ಬಂದಾಗ ಅವ್ವ ಬಚ್ಚಲಲ್ಲೇ ಮಣೆ ಹಾಕಿಕೊಂಡು ಕೂತಿದ್ದಳು. ಬ್ಯಾರಲ್ಲಿನ ಮುಚ್ಚಳ ಸ್ವಲ್ಪ ಸರಿಸಿತ್ತು. ಮೀನು ಸುತ್ತುತ್ತಿತ್ತು, ಆಗಾಗ ಮೇಲೆ ಬಂದು 'ಪುಳಕ್' ಎಂದು ಗಾಳಿ ಕುಡಿದು ಮತ್ತೆ ಸುತ್ತುತ್ತಿತ್ತು. ಅವ್ವ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಕಪ್ಪೆ ಜಿಗಿದದ್ದು, ಕಾಕಾ ಕೂಗಿದ್ದು. ಹೇಳುವ ಹುರುಪಿನಲ್ಲಿ ಅದನ್ನೂ ಹೇಳಿಬಿಟ್ಟೆ. "ಕೆಂಪನ್ನ ಮರಿ ಇದ್ವು ಬೇ. ಭಾಳ ಇದ್ವು. ಅದು ಕಾಯಾಕತ್ತಿತ್ತು." ಅವ್ವ ಎದ್ದು ನಿಂತು ಮುಚ್ಚಳ ಎಳೆದಳು.

ಸಂಜೆ ಅಪ್ಪ ಅವಸರದಿಂದ ಬಂದ. ಗೆಳೆಯ ಬಂದಿದ್ದಾನೆ, ಮಸಾಲೆ ತಂದಾಗಿದೆ, ಆಟೋ ತರುತ್ತೇನೆ ಎಂದ.

"ನಾ ಉಣ್ಣಂಗಿಲ್ಲ," ಎಂದಳು ಅವ್ವ.

"ಯಾಕ? ಏನಾತು?"

"ಅದರ ಮರಿ ಇದ್ವಂತ."

ಅಪ್ಪ ನನ್ನನ್ನು ನೋಡಿದ. ಬೈಯಲಿಲ್ಲ. ನೆಲದ ಮೇಲೆ ಕುಕ್ಕರಿಸಿದ. "ನಿನ್ನ ಸಲುವಾಗಿ ತಂದೆ. ನಾ ಯಾವತ್ತೂ ಹಂಗ ಹಿಡದಾಂವಲ್ಲ. ನೀ ಈಕಿ ಕೈ ಮೂಸೂದು ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ."

"ನನಗ ಗೊತ್ತೈತಿ," ಎಂದಳು ಅವ್ವ. ಆಕೆಯ ದನಿ ಮೆತ್ತಗಿತ್ತು. "ನನ್ನ ಸಲುವಾಗೇ ತಿರುಗಿ ಬಿಟ್ಟ ಬರ್ರಿ."

ಮಂಗಳವಾರ ರಜೆ ಹಾಕಿ ಮೊದಲ ಬಸ್ಸಿಗೆ ಒಯ್ಯುವುದೆಂದು ಗೊತ್ತುಮಾಡಿದರು. ಆದರೆ ಮಂಗಳವಾರ ನಸುಕಿನಲ್ಲಿ, ಎಂಟು ದಿನದ ಮೇಲೆ, ನಳಕ್ಕೆ ನೀರು ಬಂತು. ನಳ ಬಂದಾಗ ವಾಡೆಯಲ್ಲಿ ಒಂದು ರಿವಾಜು ಇತ್ತು. ಬಾಯಾರು ತಾವೇ ಕೆಳಗಿಳಿದು, ಪೈಪು ಹಿಡಿದು ಎಲ್ಲರ ಬ್ಯಾರಲ್ಲು ತುಂಬಿಸುತ್ತಿದ್ದರು. ಯಾರಿಗೂ ಹೆಚ್ಚು ಕಡಿಮೆ ಆಗಬಾರದಲ್ಲ. ಅಪ್ಪ ಚೀಲ ಒದ್ದೆ ಮಾಡುತ್ತಿದ್ದಾಗಲೇ ಪೈಪು ನಮ್ಮ ಬಚ್ಚಲಿಗೆ ಬಂತು, ಹಿಂದೆ ಬಾಯಾರು.

"ಮುಚ್ಚಳಾ ತಗೀರಿ, ನೀರು ಹೊಂಟ್ಹೋಗತಾವ."

"ತುಂಬೈತ್ರಿ ಬಾಯಾರ," ಎಂದಳು ಅವ್ವ.

"ಎಂಟು ದಿನದ ಮ್ಯಾಲ ತುಂಬಿರತೈತೇನವಾ?" ಎನ್ನುತ್ತ ಅವರೇ ಮುಚ್ಚಳ ಎತ್ತಿದರು. ಆಗಲೇ ಮೀನು ಗಾಳಿ ಕುಡಿಯಲು ಮೇಲೆ ಬಂತು. ಬಾಯಾರು ಚೀರಲಿಲ್ಲ. ಮುಚ್ಚಳವನ್ನು ಎಷ್ಟು ಮೆಲ್ಲಗೆ ಇಟ್ಟರೆಂದರೆ ಅದು ಬ್ಯಾರಲ್ಲಿಗೆ ತಾಗಿದ ಸದ್ದೂ ಆಗಲಿಲ್ಲ. ಅವರ ಕಣ್ಣು ಅವ್ವನ ಹೊಟ್ಟೆಯ ಮೇಲೆ ನಿಂತಿತು, ಆಮೇಲೆ ಅಪ್ಪನ ಮುಖದ ಮೇಲೆ.

"ನಾ ನಿಮ್ಮನ್ನ ನಂಬಿದ್ದೆ," ಎಂದರು. "ತಿಂಗಳ ಮುಗಿಯೂದ್ರೊಳಗ ಬ್ಯಾರೆ ಮನಿ ನೋಡ್ಕೋರಿ. ಆಕಿ ಬಸರಿ ಅದಾಳಂತ ಇಷ್ಟರ ದಿನಾ ಕೊಡಾಕತ್ತೇನಿ."

ಅಪ್ಪ ಕೈಯಲ್ಲಿದ್ದ ಒದ್ದೆ ಚೀಲವನ್ನು ಕೆಳಗಿಟ್ಟ. ನಾನೇ ಹೇಳಿದೆ, "ಅದನ್ನ ತಿನ್ನಂಗಿಲ್ರಿ ಬಾಯಾರ, ಬಿಟ್ಟ ಬರಾಕ ಹೊಂಟೀವಿ." ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. "ನಿನಗ ಸಾಲಿಗೆ ಹೊತ್ತಾಗತೈತಿ," ಎಂದು ಪೈಪು ಎಳೆದುಕೊಂಡು ಹೊರಗೆ ಹೋದರು.

ಸಾಲೆಗೆ ಹೋಗಲಿಲ್ಲ. ಅಪ್ಪನ ಜತೆ ಮಮದಾಪುರಕ್ಕೆ ಹೋದೆ. ಅತ್ತೆಯೂ ಕೆರೆಗೆ ಬಂದಳು. ಅಪ್ಪ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗೆ ಇಳಿದು, ಜೊಂಡಿನ ಹತ್ತಿರ ಚೀಲದ ಬಾಯಿ ಬಿಚ್ಚಿದ. ಮೀನು ಹೊರಗೆ ಬಂತು, ಆದರೆ ಹೋಗಲಿಲ್ಲ. ಅಪ್ಪನ ಕಾಲ ಬಳಿಯೇ ಒಂದು ಸುತ್ತು ಸುತ್ತಿತು, ಇನ್ನೊಂದು ಸುತ್ತು. ಬ್ಯಾರಲ್ಲಿನಷ್ಟೇ ಅಗಲದ ಸುತ್ತು. ಇಡೀ ಕೆರೆ ಮುಂದಿದ್ದರೂ ಅದು ಆ ಸುತ್ತಿನಿಂದ ಆಚೆಗೆ ಹೋಗಲು ಹೆದರುತ್ತಿದೆ ಅನಿಸಿತು. ಆಮೇಲೆ ಒಮ್ಮೆಲೇ ಬಾಲ ಬೀಸಿ ಜೊಂಡಿನೊಳಗೆ ಇಲ್ಲವಾಯಿತು. ನಾನು ಕೆಂಪು ಉಂಡೆಗಾಗಿ ನೀರನ್ನೆಲ್ಲ ಹುಡುಕಿದೆ. ಎಲ್ಲೂ ಕಾಣಲಿಲ್ಲ.

"ಜೋಡಿ ಮೀನು ಇರತೈತಿ ತಮ್ಮಾ," ಎಂದಳು ಅತ್ತೆ ದಂಡೆಯ ಮೇಲಿಂದ. "ಅದು ಮರಿ ಕರಕೊಂಡು ಆ ಕಡೆ ಹೋಗಿರಬೇಕು."

"ಹೋಗಿರಬೇಕು," ಎಂದ ಅಪ್ಪ. ಬಿಸಿಲು ಏರುವ ತನಕ ನೀರಿನಲ್ಲೇ ನಿಂತಿದ್ದ.

ಆ ತಿಂಗಳ ಕೊನೆಗೆ ಟಿಕೋಟಾ ರಸ್ತೆಯ ಕಡೆ, ಊರು ಮುಗಿಯುವಲ್ಲಿ, ತಗಡಿನ ಪತ್ರಾಸು ಹೊದಿಸಿದ ಒಂದು ಮನೆ ಸಿಕ್ಕಿತು. ಅವ್ವ ಸಾಮಾನಿನ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಬಂದಳು. ತಂಗಿ ಅಲ್ಲೇ ಹುಟ್ಟಿದಳು, ಗಟ್ಟಿಮುಟ್ಟಾಗಿ. ದೀಪಾವಳಿಗೆ ಬಂದ ಕಾಕಾ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು, "ಏನಾರ ಅನ್ನು ಅಣ್ಣಾ, ಕಪ್ಪೀನ ಗೆದ್ದತು," ಎಂದ. "ಗೆದ್ದತಪಾ," ಎಂದ ಅಪ್ಪ. "ಚಮಚಾ ಅಲ್ಲಿ ಸಿಗಬೀಳತಿತ್ತು. ಅದಕ್ಕ ನಾ ಅಲ್ಲಿ ಒಗೀತಿದ್ದಿಲ್ಲ." ಎದ್ದು ಹೋಗಿ ಟ್ರಂಕಿನಿಂದ ಹಿತ್ತಾಳೆ ಚಮಚ ತಂದು ತಮ್ಮನ ಕೈಯಲ್ಲಿ ಇಟ್ಟ. ಕಾಕಾ ಬೇಡವೆಂದ, ಅಪ್ಪ ಅವನ ಬೆರಳುಗಳನ್ನು ಮಡಚಿದ. ಆಮೇಲೆ ಅಪ್ಪ ಗಾಳ ಹಿಡಿಯಲಿಲ್ಲ. ಭಾನುವಾರ ಮಮದಾಪುರಕ್ಕೆ ಹೋಗುತ್ತಿದ್ದೆವು, ಅತ್ತೆಯ ಆಡುಗಳನ್ನು ಮಾತಾಡಿಸಿ, ಪುಂಡಿಪಲ್ಲೆ ಉಂಡು ಬರುತ್ತಿದ್ದೆವು. ಕೆರೆಯ ಕಡೆಗೆ ಅವನು ಮುಖ ಮಾಡಿ ಕೂರುತ್ತಿರಲಿಲ್ಲ.

ಅತ್ತೆ ಹೋದಳು. ಆಕೆಯ ಮಣ್ಣಿನ ಮಾಳಿಗೆ ಒಂದು ಮಳೆಗಾಲ ಸೋರಿ, ಮರುವರ್ಷ ಕುಸಿಯಿತು. ವಾಡೆಯನ್ನು ಕೆಡವಿ ಮೂರು ಮಜಲು ಎತ್ತಿದ್ದಾರೆ. ಅಂಗಳವಿದ್ದ ಜಾಗದಲ್ಲಿ ಈಗ ಮೋಟಾರ್‌ಸೈಕಲ್ಲುಗಳು ನಿಲ್ಲುತ್ತವೆ. ನನಗೆ ನೌಕರಿ ಬಂದ ಮೇಲೆ ನಾವು ಸ್ವಂತ ಮನೆ ಕಟ್ಟಿಸಿದೆವು. ಅಡುಗೆಮನೆಗೆ ಅಪ್ಪ ಹಟ ಹಿಡಿದು ಎರಡು ದೊಡ್ಡ ಕಿಟಕಿ ಇಡಿಸಿದ. ಮನೆ ಹೊಕ್ಕ ಮರುವಾರ ತಾನೇ ಪೇಟೆಗೆ ಹೋಗಿ ಮೀನು ತಂದ. ಅವ್ವ ಸೆರಗು ಸಿಕ್ಕಿಸಿಕೊಂಡು ಹುಣಸೆಹಣ್ಣು ಹಿಂಡಿದಳು, ಖಾರ ಕಲಸಿದಳು. ಪಾತ್ರೆ ಒಲೆಯ ಮೇಲೆ ಕುದಿಯತೊಡಗಿದಾಗ ಎದ್ದು ಹೋಗಿ ಎರಡೂ ಕಿಟಕಿ ಮುಚ್ಚಿದಳು.

"ತಗದ ಇರಲಿ ಬಿಡ," ಎಂದ ಅಪ್ಪ. "ಯಾರ ಅದಾರ ಈಗ ಅನ್ನಾಕ?"

"ಇರಲಿ ತಗೋರಿ," ಎಂದಳು ಅವ್ವ, ಪಿಸುದನಿಯಲ್ಲೇ.

ಅಪ್ಪ ಎದ್ದು ಒಂದನ್ನು ತೆರೆದ. ಅವ್ವ ಅವನು ಹೊರಗೆ ಹೋಗುವ ತನಕ ಕಾದು, ಅದನ್ನು ಮತ್ತೆ ಮುಚ್ಚಿದಳು. ಅವ್ವ ಇರುವ ತನಕ ನಮ್ಮ ಮನೆಯಲ್ಲಿ ಮೀನು ಹಾಗೇ ಬೆಂದಿತು. ಹೊಗೆಗೆ ಆಕೆಯ ಕಣ್ಣಲ್ಲಿ ನೀರು ಬರುತ್ತಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು, ಉಪ್ಪು ನೋಡುತ್ತಿದ್ದಳು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು, ಮುಚ್ಚಿದ ಆ ಕಿಟಕಿಯನ್ನು ನೋಡುತ್ತ, ಒಳಗಿನಿಂದ ಉಣ್ಣಲು ಕರೆಯುವುದನ್ನು ಕಾಯುತ್ತಿದ್ದ.